ಹಳೆಯ ಚೀಸಿನ ಸುಣ್ಣದ ಲೆಕ್ಕ: ಚೆಡ್ಡರ್ ಪುಡಿಯಾಗುವುದೇಕೆ, ಅದರ ಮೇಲೆ ಬಿಳಿ ಹರಳು ಕೂರುವುದೇಕೆ

ಅಮೆರಿಕದಿಂದ ರಜೆಗೆ ಬಂದಿದ್ದ ನೆಂಟರೊಬ್ಬರು ನಮ್ಮ ಮನೆಗೆ ಎರಡು ವರ್ಷ ಮಾಗಿಸಿದ ಚೆಡ್ಡರ್ ಚೀಸಿನ ಒಂದು ಗಟ್ಟಿಯನ್ನು ತಂದುಕೊಟ್ಟರು. ಹೊದಿಕೆ ಬಿಚ್ಚಿದಾಗ ಒಂದು ಮೂಲೆಯಲ್ಲಿ ತೆಳುವಾದ ಬಿಳಿ ಪುಡಿ ಕಾಣಿಸಿತು. ಬೂಷ್ಟು ಹಿಡಿದಿದೆಯೆಂದು ಮನೆಯವರು ಅದನ್ನು ಕಸದ ಬುಟ್ಟಿಗೆ ಹಾಕುವುದರಲ್ಲಿದ್ದರು. ಬೆರಳಿನಿಂದ ಉಜ್ಜಿ ನೋಡಿದರೆ ಪುಡಿ ಮರಳಿನಂತೆ ಗರಗರ ಎಂದಿತು. ಚಾಕು ಇಟ್ಟರೆ ಹೋಳು ಬರಲಿಲ್ಲ. ಅಂಚು ಒಡೆದು ತಟ್ಟೆಯ ತುಂಬ ಉದುರಿತು. ಅದೇ ತಟ್ಟೆಯ ಪಕ್ಕದಲ್ಲಿದ್ದ ನಮ್ಮ ಊರಿನ ಪ್ಯಾಕೆಟ್ ಚೀಸ್ ಮಾತ್ರ ಎಂದಿನಂತೆ ಸಾಬೂನಿನ ಹಾಗೆ ನುಣ್ಣಗೆ ಕತ್ತರಿಸಿತು.

ಕೆಲವು ವರ್ಷಗಳ ಹಿಂದಿನವರೆಗೆ ನಮ್ಮಲ್ಲಿ ಚೀಸ್ ಎಂದರೆ ಈ ನುಣುಪಾದ ಚೌಕವೇ ಆಗಿತ್ತು. ಈಗ ಬೆಂಗಳೂರಿನ ಅಂಗಡಿಗಳಲ್ಲಿ, ಮೊಬೈಲಿನಲ್ಲಿ ಸಾಮಾನು ತರಿಸುವ ಆ್ಯಪ್‌ಗಳಲ್ಲಿ ಚೆಡ್ಡರ್, ಗೌಡಾ, ಪಾರ್ಮೆಸಾನ್‌ಗಳು ಸುಲಭವಾಗಿ ಸಿಗುತ್ತಿವೆ. ದುಬಾರಿ ಬೆಲೆ ಕೊಟ್ಟು ತಂದದ್ದು ಪುಡಿಪುಡಿಯಾದರೆ, ರಬ್ಬರಿನಂತೆ ಜಗ್ಗಿದರೆ, ಬಾಯಲ್ಲಿ ಮರಳು ಸಿಕ್ಕಿದರೆ ಅದು ಕೆಟ್ಟಿದೆಯೋ ಅಥವಾ ಅದರ ಗುಣವೇ ಹಾಗೋ ಎಂದು ತಿಳಿಯದೆ ಕೊಂಡವರು ಗೊಂದಲಕ್ಕೆ ಬೀಳುತ್ತಾರೆ. ಈ ಬೇರೆಬೇರೆ ದೋಷಗಳ ಹಿಂದಿರುವ ರಸಾಯನಶಾಸ್ತ್ರದಲ್ಲಿ ಮತ್ತೆಮತ್ತೆ ಎದುರಾಗುವ ಒಂದು ಪಾತ್ರವಿದೆ. ಅದು ಹಾಲಿನ ಕ್ಯಾಲ್ಸಿಯಂ, ಅಂದರೆ ನಮ್ಮ ಆಡುಮಾತಿನ ಸುಣ್ಣದ ಅಂಶ. ಅದು ಎಲ್ಲಿ ಉಳಿಯಿತು, ಎಷ್ಟು ಉಳಿಯಿತು, ಎಲ್ಲಿಂದ ಎಲ್ಲಿಗೆ ಸರಿಯಿತು ಎಂಬುದನ್ನು ಹಿಂಬಾಲಿಸಿದರೆ ಉಳಿದ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

## ಹಾಲಿನೊಳಗಿನ ಇಟ್ಟಿಗೆ ಮತ್ತು ಗಾರೆ

ಹಸುವಿನ ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇ. 80 ಭಾಗ ಕೇಸೀನ್ ಎಂಬ ಬಗೆಯದು. ಕೇಸೀನ್ ಹಾಲಿನಲ್ಲಿ ಬಿಡಿಬಿಡಿಯಾಗಿ ಕರಗಿರುವುದಿಲ್ಲ. ಸಾವಿರಾರು ಅಣುಗಳು ಒಟ್ಟು ಸೇರಿ ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಾಗಿ ತೇಲುತ್ತಿರುತ್ತವೆ. ಒಂದು ಮಿಲಿಮೀಟರ್ ಉದ್ದಕ್ಕೆ ಇಂತಹ ಐದಾರು ಸಾವಿರ ಉಂಡೆಗಳನ್ನು ಸಾಲಾಗಿ ಜೋಡಿಸಬಹುದು. ಹಾಲು ಬೆಳ್ಳಗೆ ಕಾಣುವುದಕ್ಕೆ ಈ ಉಂಡೆಗಳೂ ಕೊಬ್ಬಿನ ಹನಿಗಳೂ ಬೆಳಕನ್ನು ಚದುರಿಸುವುದೇ ಕಾರಣ. ಪ್ರತಿ ಉಂಡೆಯ ಒಳಗೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿದ ಅತಿಸಣ್ಣ ಗುಂಪುಗಳು ಹರಡಿಕೊಂಡಿರುತ್ತವೆ. ಹಳೆಯ ಮನೆಗಳ ಗೋಡೆಯಲ್ಲಿ ಇಟ್ಟಿಗೆಗಳ ನಡುವೆ ಸುಣ್ಣದ ಗಾರೆ ಹೇಗೋ, ಕೇಸೀನ್ ಎಳೆಗಳ ನಡುವೆ ಈ ಗುಂಪುಗಳು ಹಾಗೆ. ಹಾಲಿನ ಒಟ್ಟು ಕ್ಯಾಲ್ಸಿಯಂನಲ್ಲಿ ಸುಮಾರು ಮೂರನೇ ಎರಡು ಭಾಗ ಈ ಉಂಡೆಗಳಲ್ಲಿಯೇ ಇರುತ್ತದೆ.

ಉಂಡೆಯ ಹೊರಮೈಯಲ್ಲಿ ಕೂದಲಿನಂತೆ ಚಾಚಿಕೊಂಡ ಕಪ್ಪಾ ಕೇಸೀನ್ ಇರುವುದರಿಂದ ಒಂದು ಉಂಡೆ ಇನ್ನೊಂದಕ್ಕೆ ಅಂಟಿಕೊಳ್ಳುವುದಿಲ್ಲ. ಚೀಸ್ ಮಾಡುವವರು ಹಾಲಿಗೆ ರೆನ್ನೆಟ್ ಹಾಕಿದಾಗ ಅದರೊಳಗಿನ ಕೈಮೋಸಿನ್ ಎಂಬ ಕಿಣ್ವ ಈ ಕೂದಲನ್ನು ಬುಡದಲ್ಲಿಯೇ ಕತ್ತರಿಸುತ್ತದೆ. ಬೋಳಾದ ಉಂಡೆಗಳು ಒಂದಕ್ಕೊಂದು ಅಂಟಿಕೊಂಡು ಬಲೆಯಂತಾಗುತ್ತವೆ, ಬಲೆಯ ಕಣ್ಣುಗಳಲ್ಲಿ ಕೊಬ್ಬೂ ನೀರೂ ಸಿಕ್ಕಿಬೀಳುತ್ತವೆ, ಹಾಲು ಗಟ್ಟಿಯಾಗುತ್ತದೆ. ನಿಘಂಟುಗಳು ಚೀಸಿಗೆ ಗಿಣ್ಣು ಎಂಬ ಅರ್ಥ ಕೊಡುವುದುಂಟು, ಆದರೆ ಈಯ್ದ ಹಸುವಿನ ಹಾಲಿನಿಂದ ಮಾಡುವ ನಮ್ಮ ಗಿಣ್ಣು ಬಿಸಿಗೆ ಗಟ್ಟಿಯಾಗುವ ಬೇರೆ ಪ್ರೋಟೀನುಗಳ ಕೆಲಸ. ಅದಕ್ಕೂ ಇದಕ್ಕೂ ಹೋಲಿಕೆ ಹೊರನೋಟದ್ದು ಮಾತ್ರ.

ಹೀಗಾಗಿ ಚೀಸಿನ ಒಂದು ಹೋಳು ಎಂದರೆ ಕ್ಯಾಲ್ಸಿಯಂ ಗಾರೆಯಿಂದ ಬಿಗಿದ ಪ್ರೋಟೀನಿನ ಬಲೆ, ಅದರ ನಡುವೆ ಕೊಬ್ಬಿನ ಹನಿಗಳು, ಉಪ್ಪು ಮತ್ತು ಆಮ್ಲ ಕರಗಿದ ಒಂದಿಷ್ಟು ನೀರು. ಚೆಡ್ಡರಿನಲ್ಲಿ ಈ ನೀರು ಸುಮಾರು ಶೇ. 36ರಿಂದ 38ರಷ್ಟು ಇರುತ್ತದೆ. ಬಾಯಿಗೆ ಹಾಕಿದಾಗ ನಮಗೆ ತಿಳಿಯುವ ಹದವೆಲ್ಲ ಈ ನಾಲ್ಕರ ನಡುವಿನ ಸಂಬಂಧ.

## ಹುಳಿ ಏರಿದರೆ ಗಾರೆ ಕರಗುತ್ತದೆ

ಇಂಗ್ಲೆಂಡಿನ ಸಾಮರ್ಸೆಟ್ ಪ್ರಾಂತ್ಯದ ಚೆಡ್ಡರ್ ಹಳ್ಳಿಯ ಹೆಸರು ಹೊತ್ತ ಈ ಚೀಸನ್ನು ಮಾಡುವಾಗ ಹಾಲಿಗೆ ಮೊದಲು ಹೆಪ್ಪು ಹಾಕುತ್ತಾರೆ. ಮೊಸರಿನ ಹೆಪ್ಪಿನಲ್ಲಿರುವಂತೆ ಇಲ್ಲಿಯೂ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನು ಬಿಡುತ್ತವೆ. ಹುಳಿಯನ್ನು ಅಳೆಯುವ ಅಂಕಿಗೆ ಪಿಎಚ್ ಎನ್ನುತ್ತಾರೆ. ಅಂಕಿ ಇಳಿದಷ್ಟೂ ಹುಳಿ ಹೆಚ್ಚು, ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು. ಹಾಲಿನ ಪಿಎಚ್ ಸುಮಾರು 6.6, ಗಟ್ಟಿ ಮೊಸರಿನದು 4.5ರ ಆಸುಪಾಸು, ಚೆಡ್ಡರಿಗೆ ಬೇಕಾದದ್ದು ಇವೆರಡರ ನಡುವಿನ 5.1ರಿಂದ 5.3.

ಈ ಕಿರಿದಾದ ಪಟ್ಟಿಯಲ್ಲಿಯೇ ಹದದ ಗುಟ್ಟಿದೆ. ಆಮ್ಲ ಹೆಚ್ಚಿದಂತೆ ಕ್ಯಾಲ್ಸಿಯಂ ಫಾಸ್ಫೇಟ್ ಕರಗಿ, ಕಟ್ಟಡ ಬಿಟ್ಟು ನೀರಿಗೆ ಬರುತ್ತದೆ. ಹುಣಸೆಹಣ್ಣು ಹಚ್ಚಿ ಉಜ್ಜಿದರೆ ತಂಬಿಗೆಯ ಒಳಗೆ ಕಟ್ಟಿದ ನೀರಿನ ಸುಣ್ಣದ ಕರೆ ಕರಗಿ ಹೋಗುವುದೂ ಇದೇ ಬಗೆಯ ಕ್ರಿಯೆ. ಮೊಸರಿನ ಹುಳಿಗೆ ಬರುವಷ್ಟರಲ್ಲಿ ಗಾರೆಯೆಲ್ಲ ಕರಗಿ ಹೋಗಿರುವುದರಿಂದ ಮೊಸರು ಎಳೆಯಾಗಿ ಜಗ್ಗುವುದಿಲ್ಲ, ಸೌಟು ಇಟ್ಟ ಕಡೆ ಒಡೆಯುತ್ತದೆ. ಚೀಸಿನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ: ಕರಗಿದ ಕ್ಯಾಲ್ಸಿಯಂ ಎಲ್ಲಿಗೆ ಹೋಗುತ್ತದೆ ಎಂಬುದು ಹಾಲೊಡಕನ್ನು ಬಸಿಯುವ ಹೊತ್ತಿನ ಮೇಲೆ ನಿಂತಿದೆ. ಹುಳಿ ಹೆಚ್ಚು ಏರಿದ ಮೇಲೆ ಬಸಿದರೆ ಕರಗಿದ ಕ್ಯಾಲ್ಸಿಯಂ ಹಾಲೊಡಕಿನೊಂದಿಗೆ ಹೊರಗೆ ಹರಿದುಹೋಗುತ್ತದೆ. ಹುಳಿ ಏರುವ ಮುನ್ನವೇ ಬಸಿದರೆ ಹೆಚ್ಚಿನ ಪಾಲು ಗಡ್ಡೆಯಲ್ಲಿಯೇ ಉಳಿಯುತ್ತದೆ. ಸ್ವಿಟ್ಜರ್ಲೆಂಡಿನ ಎಮೆಂಟಾಲ್ ಚೀಸಿನಲ್ಲಿ ಹುಳಿ ಏರುವ ಮೊದಲೇ ಹಾಲೊಡಕನ್ನು ತೆಗೆಯುವುದರಿಂದ ಅದು ಬಾಗುವ, ಹಿಗ್ಗುವ ಗುಣ ಪಡೆಯುತ್ತದೆ. ಚೆಡ್ಡರಿನಲ್ಲಿ ತುಸು ಹುಳಿಯಾದ ಮೇಲೆ ತೆಗೆಯುತ್ತಾರೆ; ಹಾಗಿದ್ದೂ 100 ಗ್ರಾಂ ಚೆಡ್ಡರಿನಲ್ಲಿ ಸುಮಾರು 700 ಮಿಲಿಗ್ರಾಂ ಕ್ಯಾಲ್ಸಿಯಂ ಉಳಿದಿರುತ್ತದೆ.

ಚೀಸಿನ ಪಿಎಚ್ 5ಕ್ಕಿಂತ ಕೆಳಗಿಳಿದರೆ ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ಒಂದು ಕಡೆ ಗಾರೆ ಇಲ್ಲವಾಗುತ್ತದೆ. ಇನ್ನೊಂದು ಕಡೆ ಕೇಸೀನ್ ತನ್ನ ಮೇಲಿನ ವಿದ್ಯುದಂಶಗಳು ಸರಿದೂಗುವ 4.6ರ ಬಿಂದುವಿಗೆ ಹತ್ತಿರವಾಗಿ, ನೀರನ್ನು ಹಿಡಿಯುವ ಆಸಕ್ತಿ ಕಳೆದುಕೊಂಡು, ತನ್ನಷ್ಟಕ್ಕೆ ಮುದುಡಿ ಸಣ್ಣ ಗಟ್ಟಿ ಗುಂಪುಗಳಾಗುತ್ತದೆ. ಉದ್ದನೆಯ ಬಲೆ ಹೋಗಿ ರವೆಯಂತಹ ಕಾಳುಗಳು ಉಳಿಯುತ್ತವೆ. ಅಂತಹ ಚೀಸನ್ನು ಎಷ್ಟು ವರ್ಷ ಮಾಗಿಸಿದರೂ ಅದು ಪುಡಿಯಾಗುವುದು ತಪ್ಪುವುದಿಲ್ಲ. ಇದಕ್ಕೆ ವಿರುದ್ಧವಾಗಿ ಹುಳಿ ಸಾಲದೆ ಪಿಎಚ್ 5.4ರ ಮೇಲೆ ನಿಂತರೆ ಗಾರೆ ಬಿಗಿಯಾಗಿಯೇ ಉಳಿದು ಚೀಸ್ ರಬ್ಬರಿನಂತೆ ಪುಟಿಯುತ್ತದೆ. ಎರಡೂ ಮಾಗಿಸುವ ಕೋಣೆಯಲ್ಲಿ ಕಾಣಿಸಿಕೊಳ್ಳುವ ದೋಷಗಳಾದರೂ ಬೇರು ಇರುವುದು ಮೊದಲ ದಿನದ ಐದಾರು ಗಂಟೆಗಳ ಕೆಲಸದಲ್ಲಿ. ಆದರೂ ದೋಷ ಎಂಬ ಮಾತನ್ನು ಎಚ್ಚರದಿಂದ ಬಳಸಬೇಕು: ಇಂಗ್ಲೆಂಡಿನದೇ ಆದ ಚೆಶೈರ್ ಚೀಸನ್ನು ಹೆಚ್ಚು ಹುಳಿ ಮಾಡಿ, ಬೇಕೆಂದೇ ಪುಡಿಯಾಗುವಂತೆ ತಯಾರಿಸುತ್ತಾರೆ, ಮತ್ತು ಹಾಗೆ ಉದುರದಿದ್ದರೆ ಅದನ್ನು ಇಷ್ಟಪಡುವವರು ಮೂಗು ಮುರಿಯುತ್ತಾರೆ.

## ಮಾಗುವುದು ಎಂದರೆ ಕತ್ತರಿಸುವುದು

ಹೊಸದಾಗಿ ಒತ್ತಿದ ಚೆಡ್ಡರ್ ಹಲ್ಲಿಗೆ ಸಿಕ್ಕರೆ ಕಿರುಗುಡುತ್ತದೆ, ಜಗ್ಗುತ್ತದೆ. ಹಾಕಿದ ರೆನ್ನೆಟ್ಟಿನಲ್ಲಿ ಹೆಚ್ಚಿನ ಪಾಲು ಹಾಲೊಡಕಿನೊಂದಿಗೆ ಹೋದರೂ ಸ್ವಲ್ಪ ಭಾಗ ಗಡ್ಡೆಯಲ್ಲಿ ಉಳಿದಿರುತ್ತದೆ. ಅದು ಮಾಗುವ ಮೊದಲ ವಾರಗಳಲ್ಲಿ ಆಲ್ಫಾ ಎಸ್1 ಎಂಬ ಕೇಸೀನಿನ ಸರಪಳಿಯನ್ನು ಒಂದು ನಿರ್ದಿಷ್ಟ ಜಾಗದಲ್ಲಿ, 23 ಮತ್ತು 24ನೆಯ ಕೊಂಡಿಗಳ ನಡುವೆ, ಕತ್ತರಿಸುತ್ತದೆ. ಈ ಸರಪಳಿಯಲ್ಲಿರುವುದು ಒಟ್ಟು 199 ಕೊಂಡಿಗಳು. ಒಂದೇ ಏಟಿಗೆ ಇಷ್ಟೊಂದು ಪರಿಣಾಮವೇ ಎಂದು ಆಶ್ಚರ್ಯವಾಗಬಹುದು, ಆದರೆ ಕತ್ತರಿಸಿಹೋದ ತುದಿ ಬಲೆಯ ಎಳೆಗಳನ್ನು ಪರಸ್ಪರ ಹಿಡಿದಿಟ್ಟಿದ್ದ ಭಾಗವಾದ್ದರಿಂದ ಬಲೆಯೇ ಸಡಿಲವಾಗುತ್ತದೆ. ರಬ್ಬರಿನ ಗುಣ ಹೋಗಿ ಚೀಸ್ ನಯವಾಗುತ್ತದೆ.

ಕೆಲಸ ಅಲ್ಲಿಗೆ ನಿಲ್ಲುವುದಿಲ್ಲ. ಹಾಲಿನಿಂದಲೇ ಬಂದ ಪ್ಲಾಸ್ಮಿನ್ ಎಂಬ ಕಿಣ್ವ, ಸತ್ತ ಬ್ಯಾಕ್ಟೀರಿಯಾಗಳಿಂದ ಸೋರಿದ ಕಿಣ್ವಗಳು ತುಂಡನ್ನು ಮತ್ತೆ ತುಂಡು ಮಾಡುತ್ತಾ ತಿಂಗಳುಗಟ್ಟಲೆ ದುಡಿಯುತ್ತವೆ. ಪ್ರೋಟೀನಿನ ಒಂದು ಕೊಂಡಿ ಬಿಚ್ಚಲು ಒಂದು ನೀರಿನ ಅಣು ಖರ್ಚಾಗುತ್ತದೆ. ಬಿಚ್ಚಿದ ಜಾಗದಲ್ಲಿ ಎರಡು ಹೊಸ ತುದಿಗಳು ಹುಟ್ಟುತ್ತವೆ. ಒಂದರ ಮೇಲೆ ಧನ, ಇನ್ನೊಂದರ ಮೇಲೆ ಋಣ ವಿದ್ಯುದಂಶವಿದ್ದು ಅವು ಸುತ್ತಲಿನ ನೀರನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತವೆ. ಆದ್ದರಿಂದ ಗಾಳಿಯಾಡದ ಹೊದಿಕೆಯಲ್ಲಿಟ್ಟು ಒಂದು ಹನಿ ನೀರೂ ಆವಿಯಾಗದಂತೆ ನೋಡಿಕೊಂಡರೂ ಹಳೆಯ ಚೀಸ್ ಬಾಯಿಗೆ ಒಣಗಿದಂತೆ ಅನ್ನಿಸುತ್ತದೆ. ನೀರು ಒಳಗೇ ಇದೆ, ಆದರೆ ಎಳೆಗಳ ನಡುವೆ ಜಾರುಗೊಡಲು ಬಿಡುವಾಗಿಲ್ಲ. ಉದ್ದ ಎಳೆಗಳಿಲ್ಲ, ಜಾರಲು ನೀರಿಲ್ಲ. ನಮ್ಮ ತಟ್ಟೆಯ ಮೇಲೆ ಉದುರಿದ ಅಂಚಿಗೆ ಕಾರಣ ಇದು.

ಚೀಸ್ ಪರೀಕ್ಷಕರು ಇದನ್ನೆಲ್ಲ ಕೈಯಲ್ಲಿಯೇ ಓದುತ್ತಾರೆ. ಟ್ರೈಯರ್ ಎಂಬ ಅರೆಗೊಳವೆಯಂತಹ ಉಕ್ಕಿನ ಸಲಕರಣೆಯನ್ನು ಗಟ್ಟಿಯೊಳಗೆ ಚುಚ್ಚಿ ತಿರುಗಿಸಿ ಎಳೆದರೆ ಬೆರಳು ಗಾತ್ರದ ಕಡ್ಡಿಯೊಂದು ಹೊರಬರುತ್ತದೆ. ಅದರ ಎರಡು ತುದಿ ಹಿಡಿದು ನಿಧಾನವಾಗಿ ಬಾಗಿಸುತ್ತಾರೆ. ಹದವಾದ ಚೆಡ್ಡರ್ ಸ್ವಲ್ಪ ಬಾಗಿ ಆಮೇಲೆ ಮುರಿಯುತ್ತದೆ. ಬಾಗದೆ ಪಟಕ್ಕನೆ ಮುರಿದರೆ ಹುಳಿ ಹೆಚ್ಚಾಗಿದೆ, ಮುರಿಯದೆ ಬಾಗುತ್ತಲೇ ಹೋದರೆ ಇನ್ನೂ ಮಾಗಿಲ್ಲ. ಬಳಿಕ ಒಂದು ಚೂರನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಸುಕುತ್ತಾರೆ: ಮೇಣದಂತೆ ನುಣ್ಣಗೆ ಹರಡಿದರೆ ಸರಿ, ಹಿಟ್ಟಿನಂತೆ ತರಿತರಿಯಾದರೆ ಒಂದು ದೋಷ, ಬೆರಳಿಗೆ ಮೆತ್ತಿಕೊಂಡರೆ ಇನ್ನೊಂದು.

ಮೆತ್ತಿಕೊಳ್ಳುವ ದೋಷ ಬರುವುದು ಕತ್ತರಿ ಕೆಲಸ ಮಿತಿಮೀರಿದಾಗ, ಅದರಲ್ಲೂ ನೀರು ಹೆಚ್ಚಿದ್ದು ಉಪ್ಪು ಕಡಿಮೆಯಿದ್ದಾಗ. ಉಪ್ಪು ರುಚಿಗೆ ಮಾತ್ರವಲ್ಲ, ಬ್ಯಾಕ್ಟೀರಿಯಾಗಳಿಗೂ ಕಿಣ್ವಗಳಿಗೂ ಕಡಿವಾಣ. ಇಲ್ಲಿ ಲೆಕ್ಕಕ್ಕೆ ಬರುವುದು ಚೀಸಿನ ಒಟ್ಟು ತೂಕದಲ್ಲಿ ಉಪ್ಪೆಷ್ಟು ಎಂಬುದಕ್ಕಿಂತ ಅದರ ನೀರಿನಲ್ಲಿ ಉಪ್ಪೆಷ್ಟು ಎಂಬುದು, ಚೆಡ್ಡರಿಗೆ ಶೇ. 5ರ ಆಸುಪಾಸು ಹದ ಎನ್ನಬಹುದು. ಉಪ್ಪಿನಕಾಯಿ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಕಾಯಿಯಲ್ಲಿ ನೀರು ಹೆಚ್ಚಿದ್ದರೆ ಎಂದಿನ ಅಳತೆಯ ಉಪ್ಪು ಸಾಲದೆಂಬುದು ಅವರಿಗೆ ಗೊತ್ತು. ಬಳಸಿದ ರೆನ್ನೆಟ್ ಯಾವುದು ಎಂಬುದೂ ಮುಖ್ಯ. ಕರುವಿನ ಹೊಟ್ಟೆಯಿಂದ ತೆಗೆಯುವ ಕೈಮೋಸಿನ್ ಆಯ್ದ ಜಾಗದಲ್ಲಿ ಮಾತ್ರ ಕತ್ತರಿಸುತ್ತದೆ, ಕೆಲವು ಶಿಲೀಂಧ್ರಗಳಿಂದ ತೆಗೆಯುವ ಸಸ್ಯಾಹಾರಿ ರೆನ್ನೆಟ್ ಸಿಕ್ಕಸಿಕ್ಕಲ್ಲಿ ಕತ್ತರಿಸುವುದರಿಂದ ದೀರ್ಘ ಕಾಲ ಮಾಗಿಸಿದರೆ ಕಹಿಯೂ ಮೆತ್ತಗಿನ ಗುಣವೂ ಬರುವ ಸಂಭವ ಹೆಚ್ಚು. ಕರುವಿನದೇ ಕೈಮೋಸಿನನ್ನು ಸೂಕ್ಷ್ಮಜೀವಿಗಳಿಂದ ತಯಾರಿಸುವ ವಿಧಾನಕ್ಕೆ 1990ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ ಮೇಲೆ ಸಸ್ಯಾಹಾರಿ ಚೀಸಿಗೂ ಆ ನಿಖರತೆ ದೊರಕಿತು.

ಕೊಬ್ಬಿನ ಪಾತ್ರ ಸರಳ. ಹೋಳಿಗೆಯ ಕಣಕಕ್ಕೆ ಎಣ್ಣೆ ಕಡಿಮೆಯಾದರೆ ಅದು ನಾರಿನಂತೆ ಜಗ್ಗುತ್ತದೆ. ಕೊಬ್ಬು ತೆಗೆದ ಚೀಸಿನಲ್ಲಿಯೂ ಪ್ರೋಟೀನಿನ ಬಲೆಯನ್ನು ನಡುನಡುವೆ ತಡೆಯುವ ಹನಿಗಳಿಲ್ಲದೆ ರಬ್ಬರಿನ ಗುಣ ಉಳಿದುಬಿಡುತ್ತದೆ.

## ಆ ಬಿಳಿ ಪುಡಿ ಏನು

ಗಾರೆಯಿಂದ ಬಿಡಿಸಿಕೊಂಡು ನೀರಿಗೆ ಬಂದ ಕ್ಯಾಲ್ಸಿಯಂ ಒಂದು ಕಡೆ, ಬ್ಯಾಕ್ಟೀರಿಯಾಗಳು ಬಿಟ್ಟ ಲ್ಯಾಕ್ಟಿಕ್ ಆಮ್ಲ ಇನ್ನೊಂದು ಕಡೆ. ಇವೆರಡೂ ಸೇರಿದರೆ ಕ್ಯಾಲ್ಸಿಯಂ ಲ್ಯಾಕ್ಟೇಟ್ ಎಂಬ ಲವಣ. ಚೆಡ್ಡರಿನೊಳಗಿನ ನೀರಿನಲ್ಲಿ ಈ ಲವಣ ಇನ್ನು ಹಿಡಿಸದು ಎನ್ನುವ ಮಟ್ಟದ ಹತ್ತಿರದಲ್ಲಿಯೇ ಇರುತ್ತದೆ. ತಣ್ಣಗಾದಂತೆ ಅದು ಕರಗುವ ಪ್ರಮಾಣವೂ ಇಳಿಯುತ್ತದೆ: 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರ ಸುಮಾರು ಅರ್ಧದಷ್ಟು ಮಾತ್ರ 4 ಡಿಗ್ರಿಯಲ್ಲಿ ಕರಗುತ್ತದೆ. ಫ್ರಿಜ್ಜಿನಲ್ಲಿಟ್ಟ ಚೀಸಿನ ಮೇಲೆ ಹೊದಿಕೆ ಸಡಿಲವಾದ ಕಡೆ, ಮಡಿಕೆಗಳಲ್ಲಿ, ಒಳಗಿನ ತೇವ ಒಸರಿ ನಿಲ್ಲುತ್ತದೆ. ಆ ತೇವ ಸ್ವಲ್ಪ ಆರಿದರೆ ಸಾಕು, ಲವಣ ಬಿಳಿ ಹರಳಾಗಿ ಕೂರುತ್ತದೆ. ಮಳೆಗಾಲ ಕಳೆದ ಮೇಲೆ ಹಳೆಯ ಮನೆಯ ಗೋಡೆ ಉಪ್ಪು ಕಾರುವುದನ್ನು ಕಂಡವರಿಗೆ ಈ ದೃಶ್ಯ ಹೊಸದಲ್ಲ. ನಮ್ಮ ಗಟ್ಟಿಯಲ್ಲಿ ಒಂದು ಮೂಲೆಗೆ ಮಾತ್ರ ಪುಡಿ ಇದ್ದುದೂ ಹೊದಿಕೆ ಅಲ್ಲಿ ಮಾತ್ರ ಅಂಟಿಕೊಂಡಿರದ ಕಾರಣಕ್ಕೆ.

ಒಂದೇ ಕಾರ್ಖಾನೆಯ ಒಂದು ಗಟ್ಟಿಗೆ ಹರಳು ಬಂದು ಇನ್ನೊಂದಕ್ಕೆ ಬಾರದಿರುವುದೇಕೆ ಎಂಬುದಕ್ಕೆ ಉತ್ತರ ಇನ್ನೂ ಸ್ವಾರಸ್ಯಕರವಾಗಿದೆ. ಲ್ಯಾಕ್ಟಿಕ್ ಆಮ್ಲದ ಅಣುವಿಗೆ ಎರಡು ರೂಪಗಳಿವೆ. ನಮ್ಮ ಎಡಗೈ ಬಲಗೈಗಳಂತೆ ಅವು ಒಂದರ ಕನ್ನಡಿಬಿಂಬ ಇನ್ನೊಂದು. ಚೆಡ್ಡರಿನ ಹೆಪ್ಪು ಮಾಡುವುದು ಒಂದೇ ರೂಪವನ್ನು. ಆದರೆ ಹೆಪ್ಪಿನಲ್ಲಿಲ್ಲದ, ಹಾಲಿನಿಂದಲೋ ಕಾರ್ಖಾನೆಯ ಪರಿಸರದಿಂದಲೋ ಬಂದು ಸೇರಿಕೊಳ್ಳುವ ಬೇರೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಮಾಗುವ ತಿಂಗಳುಗಳಲ್ಲಿ ನಿಧಾನವಾಗಿ ಬೆಳೆದು ಅದರಲ್ಲಿ ಅರ್ಧದಷ್ಟನ್ನು ಮತ್ತೊಂದು ರೂಪಕ್ಕೆ ತಿರುಗಿಸಿಬಿಡಬಲ್ಲವು. ಎರಡು ಬಲಗೈಗಳನ್ನು ಸೇರಿಸಿ ಕೈಮುಗಿಯಲಾಗದು, ಎಡ ಬಲ ಸೇರಿದರೆ ಅಂಗೈಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಎರಡೂ ರೂಪಗಳು ಬೆರೆತ ಕ್ಯಾಲ್ಸಿಯಂ ಲ್ಯಾಕ್ಟೇಟ್ ಕೂಡ ಹಾಗೆಯೇ ಸುಲಭವಾಗಿ ಹರಳುಗಟ್ಟುತ್ತದೆ, ನೀರಿನಲ್ಲಿ ಕಡಿಮೆ ಕರಗುತ್ತದೆ.

ಹಳೆಯ ಚೀಸಿನ ಒಳಭಾಗದಲ್ಲಿ ಹಲ್ಲಿಗೆ ಕಟುಕ್ಕೆನ್ನುವ ಚುಕ್ಕೆಗಳು ಬೇರೆಯೇ ವಸ್ತುವಾಗಿರಬಹುದು. ಇಟಲಿಯ ಪಾರ್ಮಿಜಾನೊ ರೆಜ್ಜಾನೊ ಚೀಸನ್ನು ಕನಿಷ್ಠ 12 ತಿಂಗಳು, ಎಷ್ಟೋ ಬಾರಿ 24 ಅಥವಾ 36 ತಿಂಗಳು ಮಾಗಿಸುತ್ತಾರೆ. ಅಷ್ಟು ಕಾಲದ ಕತ್ತರಿ ಕೆಲಸದಲ್ಲಿ ಪ್ರೋಟೀನಿನಿಂದ ಬಿಡಿಯಾಗಿ ಹೊರಬರುವ ಅಮೈನೋ ಆಮ್ಲಗಳ ಪೈಕಿ ಟೈರೋಸಿನ್ ಎಂಬುದು ಒಂದು ಲೀಟರ್ ನೀರಿನಲ್ಲಿ ಅರ್ಧ ಗ್ರಾಂ ಕೂಡ ಕರಗದು. ಕರಗದೆ ಉಳಿದದ್ದು ಹರಳಾಗುತ್ತದೆ. 1846ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಯುಸ್ಟುಸ್ ಫಾನ್ ಲೀಬಿಗ್ ಇದನ್ನು ಚೀಸಿನ ಕೇಸೀನಿನಿಂದಲೇ ಪಡೆದರು. ಹೆಸರು ಕೂಡ ಚೀಸ್ ಎಂಬ ಅರ್ಥದ ಟೈರೋಸ್ ಎಂಬ ಗ್ರೀಕ್ ಪದದಿಂದ ಬಂದದ್ದು. ಪಾರ್ಮಿಜಾನೊ ಕೊಳ್ಳುವವರು ಈ ಹರಳನ್ನು ಚೆನ್ನಾಗಿ ಮಾಗಿದ ಗುರುತೆಂದು ಹುಡುಕಿ ತಿನ್ನುತ್ತಾರೆ, ಚೆಡ್ಡರ್ ಕಾರ್ಖಾನೆಯವರು ತಮ್ಮ ಗಟ್ಟಿಯ ಮೇಲಿನ ಹರಳಿಗಾಗಿ ಗ್ರಾಹಕರ ದೂರು ಕೇಳುತ್ತಾರೆ.

ದೂರು ತಪ್ಪಿಸಲು ಕೆಲವರು ಗಡ್ಡೆಗೆ ಸೋಡಿಯಂ ಗ್ಲೂಕೊನೇಟ್ ಬೆರೆಸುತ್ತಾರೆ. ಅದು ಕ್ಯಾಲ್ಸಿಯಂ ಮತ್ತು ಲ್ಯಾಕ್ಟೇಟ್‌ಗಳೊಡನೆ ಕೂಡಿ, ಹರಳಾಗದಂತೆ ಅವನ್ನು ಕರಗಿದ ಸ್ಥಿತಿಯಲ್ಲಿಯೇ ಹಿಡಿದಿಡುತ್ತದೆ. ಆದರೆ ಒಂದನ್ನು ಮುಚ್ಚಿದರೆ ಇನ್ನೊಂದು ತೆರೆದುಕೊಳ್ಳುವ ಪರಿಸ್ಥಿತಿ ಇಲ್ಲಿದೆ. ಅಮೆರಿಕದ ಯೂಟಾ ರಾಜ್ಯದ ಚೆಡ್ಡರಿನಲ್ಲಿ ಪತ್ತೆಯಾದ ಪಾಸಿಲ್ಯಾಕ್ಟೋಬ್ಯಾಸಿಲಸ್ ವಸಾಚೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಗ್ಲೂಕೊನೇಟನ್ನೇ ಆಹಾರ ಮಾಡಿಕೊಂಡು ಇಂಗಾಲದ ಡೈಆಕ್ಸೈಡ್ ಅನಿಲವನ್ನು ಬಿಡಬಲ್ಲದು. ಹರಳು ತಪ್ಪಿಸಲು ಹೋಗಿ ಬಿರುಕಿಗೆ ದಾರಿ ಮಾಡಿಕೊಟ್ಟಂತಾಗುತ್ತದೆ.

## ಒಳಗೆ ಹುಟ್ಟುವ ಗಾಳಿ

ಅನಿಲ ಹುಟ್ಟುವುದೇ ದೋಷವಲ್ಲ. ಎಮೆಂಟಾಲಿನ ದೊಡ್ಡ ಕಣ್ಣುಗಳು ಅನಿಲದ ಗುಳ್ಳೆಗಳೇ. ಚೀಸನ್ನು ಕೆಲವು ವಾರ 20 ಡಿಗ್ರಿಗಿಂತ ಬೆಚ್ಚಗಿನ ಕೋಣೆಯಲ್ಲಿಟ್ಟಾಗ ಪ್ರೊಪಿಯಾನಿಕ್ ಬ್ಯಾಕ್ಟೀರಿಯಾಗಳು ಲ್ಯಾಕ್ಟೇಟನ್ನು ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಕ್ಯಾಲ್ಸಿಯಂ ಸಾಕಷ್ಟಿದ್ದು ಬಲೆ ಹಿಗ್ಗುವಂತಿದ್ದರೆ ಗುಳ್ಳೆ ಪೂರಿಯಂತೆ ದುಂಡಗೆ ಉಬ್ಬುತ್ತದೆ. ಹುಳಿ ಹೆಚ್ಚಾಗಿ ಗಾರೆ ಕರಗಿದ್ದರೆ, ಅಥವಾ ಕಿಣ್ವಗಳು ಆಗಲೇ ಎಳೆಗಳನ್ನು ತುಂಡರಿಸಿದ್ದರೆ, ಅದೇ ಅನಿಲ ಹಿಗ್ಗಲು ಜಾಗ ಸಿಗದೆ ಸೀಳಿಕೊಂಡು ಹೊರಟು ಬಿರುಕು ಮಾಡುತ್ತದೆ. ಚೆಡ್ಡರ್ ಮೊದಲೇ ಹಿಗ್ಗದ ಜಾತಿಯದಾದ್ದರಿಂದ ಅದರಲ್ಲಿ ಗಾಳಿ ಹುಟ್ಟಿದರೆ ಕಣ್ಣಾಗುವುದಿಲ್ಲ, ಸೀಳೇ ಆಗುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಕ್ಲಾಸ್ಟ್ರಿಡಿಯಂ ಟೈರೋಬ್ಯುಟಿರಿಕಂ ಎಂಬ ಬ್ಯಾಕ್ಟೀರಿಯಾದ ಹಾವಳಿ. ಹಸುಗಳಿಗೆ ಹಾಕುವ ಸೈಲೇಜ್, ಅಂದರೆ ಹುಳಿ ಬರಿಸಿದ ಹಸಿಮೇವಿನ ಮೂಲಕ ಅದರ ಬೀಜಾಣುಗಳು ಹಾಲಿಗೆ ಬರುತ್ತವೆ, ಹಾಲು ಕಾಯಿಸಿದರೂ ಸಾಯುವುದಿಲ್ಲ, ತಿಂಗಳುಗಳ ಬಳಿಕ ಎಚ್ಚೆತ್ತು ಲ್ಯಾಕ್ಟೇಟಿನಿಂದ ದುರ್ವಾಸನೆಯ ಬ್ಯುಟಿರಿಕ್ ಆಮ್ಲವನ್ನೂ ಜಲಜನಕವನ್ನೂ ಮಾಡುತ್ತವೆ. ಜಲಜನಕ ಚೀಸಿನ ತೇವದಲ್ಲಿ ಕರಗುವುದು ಬಹಳ ಕಡಿಮೆಯಾದ್ದರಿಂದ ಇಡೀ ಚಕ್ರವೇ ಊದಿ ಒಡೆಯುತ್ತದೆ. ಇದೇ ಭಯದಿಂದ ಪಾರ್ಮಿಜಾನೊಗೆ ಹಾಲು ಕೊಡುವ ಹಸುಗಳಿಗೆ ಸೈಲೇಜ್ ಹಾಕುವುದನ್ನು ನಿಷೇಧಿಸಿದ್ದಾರೆ. ಅದರ ನೆರೆಯ ಗ್ರಾನಾ ಪದಾನೊದಲ್ಲಿ ಸೈಲೇಜಿಗೆ ಅವಕಾಶವಿದ್ದು, ಬೀಜಾಣುಗಳನ್ನು ತಡೆಯಲು ಕೋಳಿಮೊಟ್ಟೆಯ ಬಿಳಿಯಿಂದ ತೆಗೆದ ಲೈಸೋಜೈಮ್ ಬಳಸುತ್ತಾರೆ. ಮೊಟ್ಟೆ ತಿನ್ನದವರು ಚೀಟಿ ಓದಿಯೇ ಕೊಳ್ಳುವುದು ಲೇಸು. ಪಾರ್ಮಿಜಾನೊ ಕೋಣೆಗಳಲ್ಲಿ 12 ತಿಂಗಳಾದ ಮೇಲೆ ಪರೀಕ್ಷಕರು ಸುಮಾರು 40 ಕಿಲೋ ತೂಕದ ಪ್ರತಿ ಚಕ್ರವನ್ನೂ ಸಣ್ಣ ಸುತ್ತಿಗೆಯಿಂದ ತಟ್ಟಿ ಕಿವಿಗೊಡುತ್ತಾರೆ. ಹಲಸಿನಹಣ್ಣನ್ನು ತಟ್ಟಿ ನೋಡುವ ನಮ್ಮವರಂತೆ, ಸದ್ದು ಟೊಳ್ಳಾಗಿ ಬಂದರೆ ಒಳಗೆ ಬಿರುಕಿದೆ ಎಂದು ತಿಳಿಯುತ್ತಾರೆ.

## ನಮ್ಮ ಪ್ಯಾಕೆಟ್ ಚೀಸ್ ಏಕೆ ನುಣುಪು

1911ರಲ್ಲಿ ಸ್ವಿಟ್ಜರ್ಲೆಂಡಿನ ಥುನ್ ಊರಿನಲ್ಲಿ ವಾಲ್ಟರ್ ಗರ್ಬರ್ ಮತ್ತು ಫ್ರಿಟ್ಸ್ ಸ್ಟೆಟ್ಲರ್ ಎಂಬವರು ಚೀಸನ್ನು ಸೋಡಿಯಂ ಸಿಟ್ರೇಟ್ ಜೊತೆ ಬಿಸಿ ಮಾಡಿ ಕರಗಿಸಿದರು. ಸಿಟ್ರೇಟ್ ಕೇಸೀನಿನಿಂದ ಕ್ಯಾಲ್ಸಿಯಂ ಕಿತ್ತುಕೊಂಡು ಆ ಜಾಗಕ್ಕೆ ಸೋಡಿಯಂ ಕೊಡುತ್ತದೆ. ಗಾರೆ ಕಳೆದುಕೊಂಡ ಎಳೆಗಳು ನೀರನ್ನು ಹೀರಿ ಬಿಚ್ಚಿಕೊಂಡು ಕೊಬ್ಬಿನ ಹನಿಗಳನ್ನು ಸಮವಾಗಿ ಸುತ್ತುವರಿಯುತ್ತವೆ, ಬಿಸಿಗೆ ಬ್ಯಾಕ್ಟೀರಿಯಾಗಳೂ ಕಿಣ್ವಗಳೂ ಬಹುತೇಕ ಸುಮ್ಮನಾಗುತ್ತವೆ. ನಮ್ಮ ದೇಶದಲ್ಲಿ ಮನೆಮಾತಾಗಿರುವ ಚೌಕ ಮತ್ತು ಹಾಳೆಯ ಚೀಸುಗಳು ಈ ಸಂಸ್ಕರಿತ ಜಾತಿಯವು. ಅದಕ್ಕೇ ಅವು ಪುಡಿಯಾಗುವುದಿಲ್ಲ, ಮಾಗುವುದೂ ಇಲ್ಲ. ಭಾರತದಲ್ಲಿ ಹೇರಳವಾಗಿರುವ ಎಮ್ಮೆ ಹಾಲಿನಿಂದ ಮಾಗಿಸುವ ಚೆಡ್ಡರ್ ಮಾಡುವುದು ಕಷ್ಟ ಎನ್ನುವುದಕ್ಕೂ ಕಾರಣ ಇದೇ ಸುಣ್ಣ: ಆ ಹಾಲಿನಲ್ಲಿ ಕೇಸೀನೂ ಕ್ಯಾಲ್ಸಿಯಮೂ ಹಸುವಿನದಕ್ಕಿಂತ ಹೆಚ್ಚಿರುವುದರಿಂದ ಗಡ್ಡೆ ಗಡುಸಾಗುತ್ತದೆ, ಮಾಗುವುದು ನಿಧಾನವಾಗುತ್ತದೆ.

## ಮನೆಯಲ್ಲಿ ಗುರುತಿಸುವುದು

ಬೂಷ್ಟು ಮೆತ್ತಗೆ ರೋಮದಂತಿದ್ದು, ಹಲವು ಬಾರಿ ಹಸಿರು ಅಥವಾ ಬೂದು ಬಣ್ಣಕ್ಕಿದ್ದು, ಉಜ್ಜಿದರೆ ಸವರಿದಂತಾಗಿ ಮುಗ್ಗಲು ವಾಸನೆ ಬರುತ್ತದೆ. ಹರಳಿಗೆ ವಾಸನೆಯಿಲ್ಲ, ಉಗುರಿಗೆ ಗಟ್ಟಿಯಾಗಿ ಸಿಗುತ್ತದೆ. ಚೆಡ್ಡರಿನ ಮೇಲಿನ ಪುಡಿಯಾದರೆ ಒಂದು ಚಿಟಿಕೆ ಬಿಸಿನೀರಿನಲ್ಲಿ ಕರಗಿಹೋಗುತ್ತದೆ. ಅದನ್ನು ಒರೆಸಿ ಅಥವಾ ಹಾಗೆಯೇ ತಿನ್ನಬಹುದು. ಫ್ರಿಜ್ಜಿನಿಂದ ತೆಗೆದ ಕೂಡಲೇ ಕತ್ತರಿಸಿದರೆ ಹಾಲಿನ ಕೊಬ್ಬು ಹೆಪ್ಪುಗಟ್ಟಿರುವುದರಿಂದ ಒಳ್ಳೆಯ ಚೀಸ್ ಕೂಡ ಒಡೆಯುತ್ತದೆ, ಅರ್ಧ ಗಂಟೆ ಹೊರಗಿಟ್ಟು ಕತ್ತರಿಸಿದರೆ ಮೆದುವಾಗುತ್ತದೆ. ಫ್ರೀಜರಿನಲ್ಲಿಟ್ಟರೆ ಮಂಜಿನ ಹರಳುಗಳು ಪ್ರೋಟೀನಿನ ಬಲೆಯನ್ನು ಹರಿದುಬಿಡುತ್ತವೆ, ಕರಗಿದ ಮೇಲೆ ಅದು ಮತ್ತೆ ಕೂಡಿಕೊಳ್ಳುವುದಿಲ್ಲ. ಅಂತಹ ಚೀಸ್ ತುರಿದು ಬೇಯಿಸುವುದಕ್ಕೆ ಸರಿ.

ನಮ್ಮ ಗಟ್ಟಿಯ ಮೂಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಉಳಿದದ್ದನ್ನು ಬೇರೆ ಹಾಳೆಯಲ್ಲಿ ಸುತ್ತಿ ಒಳಗಿಟ್ಟೆವು. ಮೂರು ವಾರದ ಬಳಿಕ ತೆಗೆದಾಗ ಮೊದಲಿನ ಮೂಲೆ ಶುಭ್ರವಾಗಿತ್ತು. ಹೊಸ ಹಾಳೆ ಮಡಿಕೆಯಾಗಿ ಎದ್ದು ನಿಂತಿದ್ದ ಕಡೆ ಮಾತ್ರ, ಆ ಮಡಿಕೆಯಷ್ಟೇ ಉದ್ದಕ್ಕೆ, ಸೀಮೆಸುಣ್ಣದಿಂದ ಗೆರೆ ಎಳೆದಂತೆ ಬಿಳಿ ಹರಳು ಕೂತಿತ್ತು.